ನಿಮಗಿದು ಗೊತ್ತೇ? ಅರ್ಥಶಾಸ್ತ್ರಕ್ಕೆ ಎಷ್ಟು ಗಣಿತ ಬೇಕು?

ಹತ್ತನೇ ತರಗತಿ ಮುಗಿಯುತ್ತಿದ್ದಂತೆ ಹೈದರಾಬಾದಿನ ಕೂಕಟ್‌ಪಲ್ಲಿಯ ಮನೆಗಳಲ್ಲಿ ಏಳುವ ಪ್ರಶ್ನೆ: ಇಂಟರ್‌ನಲ್ಲಿ ಯಾವ ಗ್ರೂಪ್? ಅರ್ಥಶಾಸ್ತ್ರ, ಹಣಕಾಸು ಓದುವ ಆಸೆಯಿರುವ ಮಕ್ಕಳಿಗಾಗಿ ಇಲ್ಲಿ ಒಂದಿಷ್ಟು ಸಂಗತಿ.

● ಎಂಇಸಿ ಎಂದರೆ ಗಣಿತ, ಅರ್ಥಶಾಸ್ತ್ರ, ವಾಣಿಜ್ಯ. ಸಿಇಸಿಯಲ್ಲಿ ಗಣಿತದ ಜಾಗಕ್ಕೆ ಪೌರನೀತಿ ಬರುತ್ತದೆ. ಎರಡೂ ಕಾಮರ್ಸ್ ತಾನೇ ಎಂದು ಸೇರಿಸಿಬಿಡಬೇಡಿ.

● ದೆಹಲಿ ವಿಶ್ವವಿದ್ಯಾಲಯದ ಬಿಎ ಆನರ್ಸ್ ಅರ್ಥಶಾಸ್ತ್ರಕ್ಕೆ ಪ್ರವೇಶ ಪರೀಕ್ಷೆ ಸಿಯುಇಟಿಯಲ್ಲಿ ಗಣಿತ ಅಥವಾ ಅನ್ವಯಿಕ ಗಣಿತ ಬರೆಯಲೇಬೇಕು. ಅರ್ಥಶಾಸ್ತ್ರ ಬರೆಯಲೇಬೇಕೆಂಬ ನಿಯಮವಿಲ್ಲ! ಹಾಗಾಗಿ ಎಂಪಿಸಿ (ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ) ಓದಿದವರಿಗೂ ಅಲ್ಲಿ ದಾರಿಯಿದೆ.

● ಇಂಟರ್ ಗಣಿತದಲ್ಲಿ ಅರ್ಥಶಾಸ್ತ್ರಕ್ಕೆ ಹೆಚ್ಚು ಒದಗುವುದು ಮೂರು ಪಾಠ: 1-ಎ ಪತ್ರಿಕೆಯ ಮ್ಯಾಟ್ರಿಕ್ಸ್, 1-ಬಿಯ ಕ್ಯಾಲ್ಕುಲಸ್, 2-ಎಯ ಸಂಭವನೀಯತೆ. ಬೆಲೆ ಏರಿದಾಗ ಬೇಡಿಕೆ ಎಷ್ಟು ತಗ್ಗುತ್ತದೆ ಎಂಬುದನ್ನು ಕ್ಯಾಲ್ಕುಲಸ್ ಹೇಳುತ್ತದೆ. ವಿಮೆಯ ಪ್ರೀಮಿಯಂ ನಿಂತಿರುವುದು ಸಂಭವನೀಯತೆಯ ಮೇಲೆ. ಒಂದು ಉದ್ಯಮದ ಉತ್ಪನ್ನ ಇನ್ನೊಂದಕ್ಕೆ ಕಚ್ಚಾವಸ್ತುವಾಗುವ ಲೆಕ್ಕವನ್ನು ಮ್ಯಾಟ್ರಿಕ್ಸ್‌ನಲ್ಲಿ ಕಟ್ಟಿಕೊಟ್ಟ ಅರ್ಥಶಾಸ್ತ್ರಜ್ಞ ಲಿಯಾಂಟಿಫ್‌ಗೆ 1973ರಲ್ಲಿ ನೊಬೆಲ್ ಬಂತು.

● ಕರ್ನಾಟಕದ ಪಿಯುಸಿ ಕಾಮರ್ಸ್‌ನಲ್ಲಿ ಸಂಖ್ಯಾಶಾಸ್ತ್ರವೂ ಇದೆ, ಮೂಲಗಣಿತವೂ ಇದೆ. ಸಂಖ್ಯಾಶಾಸ್ತ್ರ ಓದಿದ ಮಾತ್ರಕ್ಕೆ ಗಣಿತ ಓದಿದಂತಾಗದು.

● ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ. ಮೊದಲು ಗಣಿತದ ಎಂಎ, ಆಮೇಲೆ ಸಂಖ್ಯಾಶಾಸ್ತ್ರದ ಎಂಎ. ಅಂದಾಜು ಎಷ್ಟು ನಿಖರವಾಗಿರಬಲ್ಲದು ಎಂಬುದಕ್ಕೆ 1945ರಲ್ಲಿ ಅವರು ಹಾಕಿಕೊಟ್ಟ ಮಿತಿಯನ್ನು ಎಕನಾಮೆಟ್ರಿಕ್ಸ್ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಅರ್ಥಶಾಸ್ತ್ರಜ್ಞರು ಬಳಸುವ ಲಗ್ರಾಂಜ್ ಮಲ್ಟಿಪ್ಲೈಯರ್ ಪರೀಕ್ಷೆ ಕೂಡ ಮೂಲದಲ್ಲಿ ಅವರ 1948ರ ಸ್ಕೋರ್ ಪರೀಕ್ಷೆಯೇ. ಅವರ ಹೆಸರಿನ ಸಂಸ್ಥೆ ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಕೂಕಟ್‌ಪಲ್ಲಿಯ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಬೇಕು.

● ಷೇರು ಆಪ್ಷನ್‌ಗಳಿಗೆ ಬೆಲೆ ಕಟ್ಟುವ 1973ರ ಬ್ಲ್ಯಾಕ್-ಶೋಲ್ಸ್ ಸಮೀಕರಣದ ರೂಪ ಬದಲಿಸಿದರೆ ಸಿಗುವುದು ಭೌತಶಾಸ್ತ್ರದ ಉಷ್ಣ ಸಮೀಕರಣ.

● ಬಡ್ಡಿಯ ಲೆಕ್ಕ ನಮಗೆ ಹೊಸತಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ, ಪಾಲುದಾರಿಕೆಯ ಲಾಭ ಎಲ್ಲವನ್ನೂ ಬಿಡಿಸಿದ್ದರು. ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ.

ಪಾಲಕರೇ, ಫೀಸು ಕಟ್ಟುವ ಮೊದಲು ಮಗು ಮುಂದೆ ಸೇರಬಯಸುವ ಪದವಿಯ ಅರ್ಹತಾ ನಿಯಮ ಓದಿ. ಇನ್ನೂ ತೀರ್ಮಾನವಾಗಿಲ್ಲವೇ? ಗಣಿತವಿರುವ ಗ್ರೂಪನ್ನೇ ಕೊಡಿಸಿ.