ಪಹಣಿ, ಖಾತೆ, ಪೌತಿ: ಹಿಡುವಳಿದಾರರು ತಿಳಿದಿರತಕ್ಕ ವಿಷಯಗಳು

ಹೊಲಕ್ಕೆ ಬೇಲಿ ಹೇಗೋ ಹಿಡುವಳಿಗೆ ದಾಖಲೆಯು ಹಾಗೆ. ಬೇಲಿ ಮುರಿದರೆ ಅದೇ ದಿವಸ ಕಣ್ಣಿಗೆ ಬೀಳುವುದು. ದಾಖಲೆ ಕೆಟ್ಟರೆ ಹತ್ತಿಪ್ಪತ್ತು ವರ್ಷಗಳವರೆಗೆ ತಿಳಿಯದೆ ಇರುವುದುಂಟು. ಸಾಲಕ್ಕೋ, ಪಾಲಿಗೋ, ಪರಿಹಾರಕ್ಕೋ ಕಚೇರಿಯ ಮೆಟ್ಟಿಲು ಹತ್ತಿದಾಗ, ಜಮೀನು ಎಂದೋ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ನಿಂತಿದೆಯೆಂಬುದು ಹೊರಬೀಳುವುದು. ರಾಜ್ಯದಲ್ಲಿ ಹೀಗೆ ಮೃತರ ಹೆಸರಿನಲ್ಲಿ ಉಳಿದಿರುವ ಪಹಣಿಗಳು ಲಕ್ಷಗಟ್ಟಲೆ ಇವೆ.

ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಒಂದು ಹಳೆಯ ಕಲ್ಲುಮಂಟಪವುಂಟು. ಹಿರಿಯ ಕೆಂಪೇಗೌಡರು ಅಲ್ಲಿ ಮಡಿದರೆಂದು ತಿಳಿಸುವ ಅದರ ಬರಹವು 2015ರಲ್ಲಿ ವಿದ್ವಾಂಸರ ಗಮನಕ್ಕೆ ಬಂದಿತು. ಬರಹವು ಮೊದಲಿನಿಂದಲೂ ಅಲ್ಲಿಯೇ ಇದ್ದಿತು, ಓದುವವರು ಇರಲಿಲ್ಲ. ಅದೇ ಸೀಮೆಯ ಮನೆಮನೆಯ ಪಹಣಿಯ ಸ್ಥಿತಿಯೂ ಬಹುಮಟ್ಟಿಗೆ ಇದೇ ಆಗಿದೆ. ದಾಖಲೆಯು ಸರ್ಕಾರದ ವಶದಲ್ಲಿ ಭದ್ರವಾಗಿದೆ. ಅದನ್ನು ತರಿಸಿ ಓದಿ ಸರಿಪಡಿಸಿಕೊಳ್ಳುವ ಕೆಲಸವು ಹಿಡುವಳಿದಾರನದು.

1. ಯಾವ ದಾಖಲೆ ಎಲ್ಲಿ ದೊರೆಯುವುದು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ. ಜಿಲ್ಲೆಯ ಹೆಸರು ಬದಲಾದ ಮಾತ್ರಕ್ಕೆ ಸರ್ವೆ ನಂಬರಾಗಲಿ ಹಕ್ಕಾಗಲಿ ಬದಲಾಗುವುದಿಲ್ಲ. ಹಳೆಯ ಕಾಗದಗಳಲ್ಲಿ ಬೆಂಗಳೂರು ಜಿಲ್ಲೆ, ಬೆಂಗಳೂರು ಗ್ರಾಮಾಂತರ ಜಿಲ್ಲೆ ಎಂದಿದ್ದರೂ ಅವು ಹಾಗೆಯೇ ಊರ್ಜಿತ.

ಪಹಣಿ ಮತ್ತು ಮ್ಯುಟೇಷನ್ ನಕಲುಗಳು ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ದೊರೆಯುವುವು. ಪಹಣಿಯು ಹೋಬಳಿಯ ನಾಡಕಚೇರಿಯಲ್ಲಿಯೂ ಸಿಕ್ಕುವುದು. ಹದ್ದುಬಸ್ತು, ಪೋಡಿ, ನಕ್ಷೆ, ಟಿಪ್ಪಣಿ, ಆಕಾರ್‌ಬಂದ್‌ಗಳಿಗೆ ಭೂಮಾಪನ ಶಾಖೆಯವರನ್ನು ಕೇಳತಕ್ಕದ್ದು. ಕ್ರಯ, ದಾನ, ವಿಭಾಗ, ಅಡಮಾನ ಪತ್ರಗಳ ನಕಲೂ ಋಣಭಾರ ಪತ್ರವೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿರುವುವು. ಗ್ರಾಮಠಾಣೆಯೊಳಗಿನ ಮನೆ, ನಿವೇಶನಗಳ ಲೆಕ್ಕವು ಗ್ರಾಮ ಪಂಚಾಯತಿಗೆ ಸೇರಿದುದು. ಮನೆಯ ಕಾಗದಕ್ಕೆ ತಾಲ್ಲೂಕು ಕಚೇರಿಗೂ ಹೊಲದ ಕಾಗದಕ್ಕೆ ಪಂಚಾಯತಿಗೂ ಅಲೆದು ದಿನ ಕಳೆಯುವವರು ಅನೇಕರಿದ್ದಾರೆ. ಈ ಭೇದವನ್ನು ಮೊದಲೇ ತಿಳಿದರೆ ಅರ್ಧ ತಿರುಗಾಟ ತಪ್ಪುವುದು.

ಕೈಬರಹದ ಹಳೆಯ ಪಹಣಿ, ಹಳೆಯ ಖಾತೆ ಪುಸ್ತಕಗಳು ತಹಸೀಲ್ದಾರರ ಕಚೇರಿಯ ದಾಖಲೆ ಕೊಠಡಿಯಲ್ಲಿವೆ. ಈಚೆಗೆ ಭೂ ಸುರಕ್ಷಾ ಯೋಜನೆಯ ಮೇರೆಗೆ ಇವನ್ನು ಸ್ಕ್ಯಾನ್ ಮಾಡಿ ಗಣಕದಲ್ಲಿ ಇಡಲಾಗುತ್ತಿದೆ.

2. ಪಹಣಿಯನ್ನು ಓದುವ ಕ್ರಮ

ಪಹಣಿಯನ್ನು ತರಿಸಿದವನು ಮೊದಲು ಸರ್ವೆ ನಂಬರು, ಹಿಸ್ಸಾ ಮತ್ತು ವಿಸ್ತೀರ್ಣವನ್ನು ನೋಡತಕ್ಕದ್ದು. ಎಕರೆಗೆ 40 ಗುಂಟೆ. ಗುಂಟೆಗೆ 16 ಆಣೆ. ಒಟ್ಟು ವಿಸ್ತೀರ್ಣದಿಂದ ಖರಾಬನ್ನು ಕಳೆದು ಉಳಿದುದೇ ಸಾಗುವಳಿಗೆ ಯೋಗ್ಯವಾದುದು. ಬಂಡೆ ಮುಂತಾದ ಕಾರಣದಿಂದ ಬೇಸಾಯಕ್ಕೆ ಬಾರದ ಭಾಗವು ‘ಅ’ ಖರಾಬು. ದಾರಿ, ಹಳ್ಳ, ಕಟ್ಟೆ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟುದು ‘ಬ’ ಖರಾಬು. ‘ಬ’ ಖರಾಬನ್ನು ತನ್ನದೆಂದು ಎಣಿಸಿ ಕ್ರಯಕ್ಕೆ ಕೊಡುವುದೂ ಕೊಳ್ಳುವುದೂ ಕೂಡದು.

ಮುಖ್ಯವಾದುವು 9ರಿಂದ 12ರವರೆಗಿನ ಕಲಮುಗಳು. 9ನೆಯದರಲ್ಲಿ ಸ್ವಾಧೀನದಾರನ ಹೆಸರು, ವಿಸ್ತೀರ್ಣ, ಖಾತೆ. 10ನೆಯದರಲ್ಲಿ ಆ ಹಕ್ಕು ಬಂದ ರೀತಿ. 11ನೆಯದರಲ್ಲಿ ಇತರರ ಹಕ್ಕುಗಳು ಮತ್ತು ಋಣಗಳು. 12ನೆಯದರಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ ಇರುವುವು. ಸೊಸೈಟಿಯ ಸಾಲ ತೀರಿದ ಮೇಲೂ 11ನೆಯ ಕಲಮಿನಲ್ಲಿ ಋಣವು ಉಳಿದಿರುವುದುಂಟು. ಅಂಥಲ್ಲಿ ತೀರುವಳಿ ಪತ್ರವನ್ನು ಹಾಜರುಪಡಿಸಿ ಅದನ್ನು ತೆಗೆಸತಕ್ಕದ್ದು. ರಾಗಿ ಬಿತ್ತಿದ ಹೊಲಕ್ಕೆ ಬೇರೆ ಬೆಳೆ ನಮೂದಾಗಿದ್ದರೆ ಬೆಳೆನಷ್ಟದ ಪರಿಹಾರಕ್ಕೆ ತೊಡಕಾಗುವುದು. ಆದಕಾರಣ ಬೆಳೆಯ ವಿವರವನ್ನೂ ಪ್ರತಿ ಹಂಗಾಮಿನಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

3. ಖಾತೆಯು ತಾನಾಗಿ ಬದಲಾಗದಿರಲು ಕಾರಣ

ಹಿಂದೆ ಗ್ರಾಮದ ಲೆಕ್ಕವನ್ನು ಶಾನುಭೋಗರು ಇಡುತ್ತಿದ್ದರು; ಪಟೇಲರು ಕಂದಾಯ ವಸೂಲು ಮಾಡುತ್ತಿದ್ದರು. ಇಬ್ಬರೂ ಅದೇ ಊರಿನವರಾದುದರಿಂದ ಯಾರು ತೀರಿಹೋದರು, ಯಾರು ಬೇರೆಯಾದರು ಎಂಬುದು ಅವರಿಗೆ ಹೇಳದೆಯೇ ತಿಳಿಯುತ್ತಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾನೂನು 1963ರಲ್ಲಿ ಜಾರಿಗೆ ಬಂದು ಈ ವಂಶಪಾರಂಪರ್ಯದ ಹುದ್ದೆಗಳು ಮುಗಿದುವು. ಅವರ ಸ್ಥಾನದಲ್ಲಿ ಗ್ರಾಮ ಲೆಕ್ಕಿಗರು ಬಂದರು. ಈಗ ಅವರಿಗೆ ಗ್ರಾಮ ಆಡಳಿತ ಅಧಿಕಾರಿಗಳೆಂದು ಹೆಸರು. ಇವರ ವೃತ್ತಕ್ಕೆ ಹಲವು ಗ್ರಾಮಗಳು ಸೇರಿರುವುವು, ವರ್ಗಾವಣೆಯೂ ಉಂಟು. ಊರಿನ ಮನೆಮನೆಯ ಸಂಗತಿಯು ಇವರಿಗೆ ತಾನಾಗಿ ತಿಳಿಯತಕ್ಕದ್ದಲ್ಲ.

2000ದ ಈಚೆಗೆ ಭೂಮಿ ಯೋಜನೆಯ ಮೂಲಕ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿ, ಕೈಬರಹದ ಪಹಣಿಯ ವಾಡಿಕೆ ನಿಂತಿತು. ಮ್ಯುಟೇಷನ್ ನಡೆದು ಅದರ ಸಂಖ್ಯೆ ಬಿದ್ದ ಹೊರತು ಗಣಕದ ಪಹಣಿಯಲ್ಲಿ ಹೆಸರು ಬದಲಾಗದು. ಇದರಿಂದ ಗುಟ್ಟಾಗಿ ತಿದ್ದುವ ಭಯ ಕಡಿಮೆಯಾಯಿತು. ಹಾಗೆಯೇ ಅರ್ಜಿಯಿಲ್ಲದೆ ಪರಿಚಯದಿಂದ ತಿದ್ದಿಸಿಕೊಳ್ಳುವ ಅನುಕೂಲವೂ ಹೋಯಿತು.

1964ರ ಭೂಕಂದಾಯ ಕಾನೂನಿನ 128ನೆಯ ಕಲಮಿನಂತೆ, ಉತ್ತರಾಧಿಕಾರದಿಂದ ಹಕ್ಕು ಬಂದವನು ಮೂರು ತಿಂಗಳೊಳಗೆ ಆ ಸಂಗತಿಯನ್ನು ವರದಿ ಮಾಡಬೇಕು. ನೋಂದಾಯಿತ ಕ್ರಯಪತ್ರವಿದ್ದಲ್ಲಿ ಸಮಾಚಾರವು ನೋಂದಣಿ ಕಚೇರಿಯಿಂದಲೇ ಹೋಗುವುದು. ಮರಣದ ಸಮಾಚಾರವನ್ನು ಮನೆಯವರೇ ಮುಟ್ಟಿಸಬೇಕು.

4. ತಡಮಾಡುವುದರಿಂದ ಆಗುವ ನಷ್ಟ

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಹಿಂದೂ ಕುಟುಂಬದ ಒಬ್ಬ ವಿಧುರನಾದ ಯಜಮಾನನು 3 ಎಕರೆ 20 ಗುಂಟೆ ಸ್ವಯಾರ್ಜಿತ ಜಮೀನನ್ನು ಬಿಟ್ಟು, ಉಯಿಲು ಬರೆಯದೆ ತೀರಿಕೊಂಡನೆಂದು ಭಾವಿಸಲಾಗಲಿ. ಮಕ್ಕಳು ಐವರು: ಗಂಡು ಮೂವರು, ಹೆಣ್ಣು ಇಬ್ಬರು, ತಾಯಿ ಮೊದಲೇ ಇಲ್ಲ. ಜಮೀನು 140 ಗುಂಟೆ. ತಲೆಗೆ 28 ಗುಂಟೆ. ಆ ವರ್ಷವೇ ಪೌತಿ ಖಾತೆಗೆ ಅರ್ಜಿ ಕೊಟ್ಟಿದ್ದರೆ ಐವರ ಹೇಳಿಕೆ ಸಾಕಾಗುತ್ತಿತ್ತು.

ಮೂವತ್ತು ವರ್ಷ ಸುಮ್ಮನಿದ್ದು, ಆ ಅವಧಿಯಲ್ಲಿ ಮೂವರು ಗಂಡುಮಕ್ಕಳೂ ಹೆಂಡತಿಯನ್ನೂ ಮೂರು ಮೂರು ಮಕ್ಕಳನ್ನೂ ಬಿಟ್ಟು ತೀರಿದರೆ, ವಾರಸುದಾರರು ಹದಿನಾಲ್ವರಾಗುವರು. ತೀರಿದವರ ಶಾಖೆಗಳಲ್ಲಿ ತಲೆಗೆ 7 ಗುಂಟೆ. ಅವರಲ್ಲಿ ಒಬ್ಬನು ಪರಊರಿನಲ್ಲಿರುವನು, ಒಬ್ಬಳ ವಿಳಾಸ ತಿಳಿಯದು, ಒಬ್ಬನು ಅಪ್ರಾಪ್ತ ವಯಸ್ಸಿನವನು. ಅಜ್ಜನನ್ನು ಬಲ್ಲ ನೆರೆಹೊರೆಯ ಹಿರಿಯರೂ ಆಗ ಇರುವುದಿಲ್ಲ. ಒಂದು ಅರ್ಜಿಯಲ್ಲಿ ಮುಗಿಯುತ್ತಿದ್ದ ಕೆಲಸವು ಸಿವಿಲ್ ನ್ಯಾಯಾಲಯಕ್ಕೆ ಹೋಗುವ ಸಂಭವವೇ ಹೆಚ್ಚು.

ಈ ನಡುವೆ ಆಗುವ ನಷ್ಟವೂ ಅಲ್ಪವಲ್ಲ. ಮೃತರ ಹೆಸರಿನ ಪಹಣಿಯ ಮೇಲೆ ಬ್ಯಾಂಕಿನವರು ಬೆಳೆಸಾಲ ಕೊಡುವುದಿಲ್ಲ. 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ನಿಧಿಯಿಂದ ವರ್ಷಕ್ಕೆ 6000 ರೂಪಾಯಿ ಮೂರು ಕಂತಿನಲ್ಲಿ ಬರುವುದು ಜಮೀನಿನ ದಾಖಲೆ ತಮ್ಮ ಹೆಸರಿನಲ್ಲಿರುವ ಕುಟುಂಬಗಳಿಗೆ. ಬೆಳೆನಷ್ಟದ ಪರಿಹಾರಕ್ಕೂ ಇಲಾಖೆಗಳ ಸಹಾಯಧನಕ್ಕೂ ಬೇಕಾದ ರೈತರ ಗುರುತಿನ ಸಂಖ್ಯೆಯನ್ನು ಪಹಣಿಯೊಡನೆ ಜೋಡಿಸಲಾಗಿದೆ. ಹೆದ್ದಾರಿ, ಕೈಗಾರಿಕೆಗಳಿಗಾಗಿ ಜಮೀನು ಸ್ವಾಧೀನವಾಗುವ ಈ ಸೀಮೆಯಲ್ಲಿ ಹಕ್ಕಿನ ವಿವಾದವಿದ್ದರೆ, ಪರಿಹಾರದ ಹಣವು ಕೈಗೆ ಬಾರದೆ ಠೇವಣಿಯಲ್ಲಿ ಉಳಿಯುವುದು. ಭೂಮಿ ಹೋದ ಮೇಲೆ ಹಣಕ್ಕಾಗಿ ವರ್ಷಗಟ್ಟಲೆ ಕಾಯುವುದಕ್ಕಿಂತ ಹೆಚ್ಚಿನ ಕಷ್ಟವು ಸಣ್ಣ ಹಿಡುವಳಿದಾರನಿಗೆ ಇಲ್ಲ.

5. ಪೌತಿ ಖಾತೆಗೆ ಮಾಡತಕ್ಕ ಕೆಲಸ

(ಅ) ಮೊದಲು ಮರಣವನ್ನು ನೋಂದಾಯಿಸತಕ್ಕದ್ದು. 1969ರ ಕಾನೂನಿನಂತೆ ಇದಕ್ಕೆ 21 ದಿವಸಗಳ ಗಡುವುಂಟು. ಒಂದು ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ನೋಂದಣಿಯಾಗದು. ಪ್ರಮಾಣಪತ್ರದ ಹೆಸರೂ ಪಹಣಿಯ ಹೆಸರೂ ಒಂದೇ ಆಗಿರುವಂತೆ ನೋಡಿಕೊಳ್ಳಬೇಕು. ಪಹಣಿಯಲ್ಲಿ ‘ಕೆಂಪಯ್ಯ’, ಪ್ರಮಾಣಪತ್ರದಲ್ಲಿ ‘ಕೆಂಪೇಗೌಡ’ ಎಂದಿದ್ದರೆ ಇಬ್ಬರೂ ಒಬ್ಬನೇ ಎಂದು ರುಜುವಾತು ಮಾಡುವ ಕೆಲಸ ಬೀಳುವುದು.

(ಆ) ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡತಕ್ಕದ್ದು. ಯಾರನ್ನೂ ಬಿಡದೆ, ತೀರಿಹೋದವರನ್ನೂ ಸೇರಿಸಿ ಬರೆಯಿಸಬೇಕು.

(ಇ) ಈ ಎರಡನ್ನೂ ಪಹಣಿಯನ್ನೂ ವಾರಸುದಾರರ ಗುರುತಿನ ಪತ್ರಗಳನ್ನೂ ಲಗತ್ತಿಸಿ ಖಾತೆ ಬದಲಾವಣೆಗೆ ಅರ್ಜಿ ಸಲ್ಲಿಸಿ, ಸಂಖ್ಯೆಯಿರುವ ರಸೀದಿಯನ್ನು ಪಡೆಯತಕ್ಕದ್ದು. ಮೃತರ ಹೆಸರಿನ ಖಾತೆಗಳನ್ನು ಬದಲಾಯಿಸಲು ಸರ್ಕಾರದವರು ಇ-ಪೌತಿ ಎಂಬ ಕ್ರಮವನ್ನೂ ಕೈಗೊಂಡಿದ್ದಾರೆ. ಅಧಿಕಾರಿಗಳು ಊರಿಗೆ ಬಂದಾಗ ಮನೆಯವರು ಕಾಗದಗಳೊಡನೆ ಹಾಜರಿರಬೇಕು.

(ಈ) ಅರ್ಜಿ ಬಂದ ಮೇಲೆ ನೋಟೀಸು ಪ್ರಕಟವಾಗುವುದು. ಅದರಲ್ಲಿ ಕಂಡ ಅವಧಿಯೊಳಗೆ ಯಾರೂ ತಕರಾರು ಮಾಡದಿದ್ದರೆ ವಿಚಾರಣೆ ನಡೆದು ಖಾತೆಯಾಗುವುದು. ತಕರಾರು ಬಂದರೆ ಪ್ರಕರಣವನ್ನು ವಿವಾದದ ರಿಜಿಸ್ಟರಿಗೆ ತೆಗೆದುಕೊಂಡು ಇತ್ಯರ್ಥ ಮಾಡುವರು. ಚಾವಡಿಯ ಗೋಡೆಗೆ ಅಂಟಿಸಿದ ನೋಟೀಸನ್ನು ಓದದೆ ಹಕ್ಕು ಕಳೆದುಕೊಳ್ಳುವವರೂ ಉಂಟು.

(ಉ) ಖಾತೆಯಾದ ಮೇಲೆ ಹೊಸ ಪಹಣಿಯನ್ನು ತರಿಸಿ, ಹೆಸರು, ತಂದೆಯ ಹೆಸರು, ವಿಸ್ತೀರ್ಣ ಈ ಮೂರನ್ನೂ ಅಕ್ಷರಶಃ ಪರೀಕ್ಷಿಸತಕ್ಕದ್ದು.

ಜಂಟಿ ಖಾತೆಯಾದ ನಂತರ ಬೇರೆಯಾಗಬೇಕೆನ್ನುವವರು ವಿಭಾಗಪತ್ರವನ್ನು ಮಾಡಿಕೊಳ್ಳಬೇಕು. ಒಂದು ಸರ್ವೆ ನಂಬರನ್ನು ಒಡೆಯುವುದಾದರೆ ಮೊದಲು ಅಳತೆ ಮಾಡಿಸಿ 11ಇ ನಕ್ಷೆಯನ್ನು ಪಡೆಯಬೇಕು. ನಕ್ಷೆಯಿಲ್ಲದೆ ಬಾಯಿಮಾತಿನಲ್ಲಿ ಹಂಚಿಕೊಂಡ ಬದುಗಳಿಂದಲೇ ಬಹುಪಾಲು ಬದುವಿನ ಜಗಳಗಳು ಹುಟ್ಟುವುವು.

6. ಹೆಣ್ಣುಮಕ್ಕಳ ಹೆಸರು

ಲಗ್ನವಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಲ್ಲಿ ಬಿಡುವ ರೂಢಿಯು ಕೆಲವು ಕಡೆ ಇನ್ನೂ ಇದೆ. ಇದು ಕಾನೂನಿಗೆ ವಿರುದ್ಧವಾದುದು. 1956ರ ಹಿಂದೂ ಉತ್ತರಾಧಿಕಾರ ಕಾನೂನಿನಂತೆ ತಂದೆಯ ಆಸ್ತಿಯಲ್ಲಿ ಮಗಳೂ ಮೊದಲ ವರ್ಗದ ವಾರಸುದಾರಳು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗಿರುವ ಹಕ್ಕನ್ನು ಕರ್ನಾಟಕವು 1994ರಲ್ಲಿ ಷರತ್ತಿಗೊಳಪಟ್ಟು ಮಗಳಿಗೂ ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಅನ್ಯಮತದವರಿಗೆ ಅವರವರ ಉತ್ತರಾಧಿಕಾರದ ಕಾನೂನು ಅನ್ವಯಿಸುವುದು. ತಂಗಿಯ ಹೆಸರನ್ನು ಮರೆಮಾಡಿ ಮಾಡಿಸಿದ ಖಾತೆಯು ಎಷ್ಟು ವರ್ಷಗಳ ಮೇಲಾದರೂ ಪ್ರಶ್ನೆಗೆ ಒಳಗಾಗಬಹುದು. ಆಕೆಗೆ ಪಾಲು ಬೇಡವಾದಲ್ಲಿ ಆಕೆಯೇ ನೋಂದಾಯಿತ ಹಕ್ಕುಬಿಡುಗಡೆ ಪತ್ರವನ್ನು ಬರೆದುಕೊಡುವುದು ಸರಿಯಾದ ಮಾರ್ಗ.

ಖಾತೆಯೇ ಹಕ್ಕಲ್ಲವೆಂಬುದನ್ನೂ ಇಲ್ಲಿ ತಿಳಿಯಬೇಕು. ಪಹಣಿಯ ನಮೂದು ಸುಳ್ಳೆಂದು ರುಜುವಾತಾಗುವವರೆಗೆ ನಿಜವೆಂದು ಭಾವಿಸತಕ್ಕದ್ದೆಂದು 133ನೆಯ ಕಲಮು ಹೇಳುವುದು. ಆದರೆ ಹಕ್ಕಿನ ಕಡೆಯ ತೀರ್ಮಾನವು ಸಿವಿಲ್ ನ್ಯಾಯಾಲಯದ್ದು.

7. ಕಚೇರಿಯಿಂದ ಉತ್ತರ ಬಾರದಿದ್ದಲ್ಲಿ

ಅರ್ಜಿಯನ್ನು ಕೊಟ್ಟು ರಸೀದಿ ಪಡೆಯದೆ ಬಂದವನು ಅರ್ಜಿ ಕೊಡದವನಿಗೆ ಸಮಾನ. 2012ರಿಂದ ಜಾರಿಯಲ್ಲಿರುವ ಸಕಾಲ ಕಾನೂನಿನಂತೆ, ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಅವಧಿಯನ್ನು ಗೊತ್ತುಮಾಡಿದೆ. ಅರ್ಜಿದಾರನಿಗೆ 15 ಅಂಕಿಗಳ ಒಂದು ಸಂಖ್ಯೆಯನ್ನು ಕೊಡಬೇಕು. ಅವಧಿ ಮೀರಿದರೆ ಮೇಲ್ಮನವಿಗೆ ಅವಕಾಶವಿದ್ದು, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಉಂಟು.

ಹಳೆಯ ದಾಖಲೆಯ ನಕಲು ದೊರೆಯದಿದ್ದಲ್ಲಿ 2005ರ ಮಾಹಿತಿ ಹಕ್ಕು ಕಾನೂನಿನಂತೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಏತಕ್ಕಾಗಿ ಬೇಕೆಂದು ಹೇಳಬೇಕಾದುದಿಲ್ಲ. 30 ದಿವಸಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿವಸಗಳೊಳಗೆ ಮೊದಲ ಮೇಲ್ಮನವಿ. ‘ನನ್ನ ಖಾತೆ ಏಕೆ ಆಗಲಿಲ್ಲ’ ಎಂದು ಕೇಳುವುದಕ್ಕಿಂತ, ‘ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಇಂಥ ವರ್ಷದ ಮ್ಯುಟೇಷನ್ ಕಡತದ ದೃಢೀಕೃತ ನಕಲು ಬೇಕು’ ಎಂದು ಕೇಳಿದರೆ ಫಲ ದೊರೆಯುವುದು.

ಖಾತೆಯ ಆದೇಶವೇ ತಪ್ಪೆಂದು ತೋರಿದರೆ, ಅದು ತಿಳಿದ 60 ದಿವಸಗಳೊಳಗೆ ಉಪವಿಭಾಗಾಧಿಕಾರಿಗಳಲ್ಲಿ ಅಪೀಲು ಮಾಡತಕ್ಕದ್ದು.

8. ಗ್ರಾಮದ ಯಜಮಾನರು ಮಾಡಬಹುದಾದ ಕೆಲಸ

ಪಟೇಲಿಕೆ ಹೋದರೂ ಊರಿನ ಹಿರಿಯರ ಮಾತಿಗೆ ಬೆಲೆ ಹೋಗಿಲ್ಲ. ಶಾನುಭೋಗರ ಕಾಲದಲ್ಲಿ ತಾನಾಗಿ ನಡೆಯುತ್ತಿದ್ದ ಕೆಲಸವನ್ನು ಈಗ ಊರಿನವರೇ ಸೇರಿ ನಡೆಸಬಹುದು. ವರ್ಷಕ್ಕೊಮ್ಮೆ ಸುಗ್ಗಿ ಮುಗಿದು ಬಿಡುವಾದಾಗ ಚಾವಡಿಯಲ್ಲಿಯೋ ಗುಡಿಯ ಜಗಲಿಯಲ್ಲಿಯೋ ಕುಳಿತು, ಆ ವರ್ಷ ತೀರಿಹೋದ ಖಾತೆದಾರರ ಪಟ್ಟಿಯನ್ನು ಮಾಡಿ, ಅವರ ಮನೆಯವರಿಗೆ ಜ್ಞಾಪಿಸುವುದು ಒಂದು ಗಂಟೆಯ ಕೆಲಸ. ಓದುಬಾರದ ವಿಧವೆಯರಿಗೂ ಅಪ್ರಾಪ್ತ ಮಕ್ಕಳಿಗೂ ಇದರಿಂದ ಆಗುವ ಉಪಕಾರವು ಬಹಳ. ವಂಶವೃಕ್ಷಕ್ಕೆ ಸಾಕ್ಷಿಯಾಗಿ ರುಜು ಹಾಕುವ ಹಿರಿಯರು ಮಾತ್ರ ಪೂರ್ತಿ ಓದಿಸಿ ಕೇಳದೆ ರುಜು ಹಾಕಕೂಡದು.

ನೆನಪಿನಲ್ಲಿಡತಕ್ಕ ಅಂಶಗಳು

ವರ್ಷಕ್ಕೊಮ್ಮೆ ಪಹಣಿಯನ್ನು ತರಿಸಿ ಓದುವುದು. ಮರಣವನ್ನು 21 ದಿವಸಗಳಲ್ಲಿ ನೋಂದಾಯಿಸುವುದು. ಪೌತಿಗೆ ಮೂರು ತಿಂಗಳೊಳಗೆ ಅರ್ಜಿ ಕೊಡುವುದು. ಹೆಣ್ಣುಮಕ್ಕಳ ಹೆಸರನ್ನು ಬಿಡದಿರುವುದು. ರಸೀದಿ ಇಲ್ಲದೆ ಕಚೇರಿಯಿಂದ ಹಿಂದಿರುಗದಿರುವುದು. ಎಲ್ಲ ಕಾಗದಗಳ ನಕಲನ್ನೂ ಮನೆಯಲ್ಲಿ ಒಂದು ಕಡೆ ಇಟ್ಟು, ಆ ಸ್ಥಳವನ್ನು ಮನೆಯ ಹೆಂಗಸರಿಗೂ ದೊಡ್ಡ ಮಕ್ಕಳಿಗೂ ತಿಳಿಸಿರುವುದು. ಮೂಲಪತ್ರಗಳನ್ನು ಯಾವ ಮಧ್ಯವರ್ತಿಯ ಕೈಗೂ ಕೊಡಕೂಡದು.