ಸಾಹೇಬರ ಟಿಕೆಟ್

ಭಾನುವಾರ ಬೆಳಿಗ್ಗೆ ನಮ್ಮ ಲಾಸ್ ಗ್ಯಾಟೋಸ್‌ನ ವಸೋನಾ ಪಾರ್ಕಿನಲ್ಲಿ ವಾಕಿಂಗ್ ಮಾಡುವವರಲ್ಲಿ ಕೆಲವರಾದರೂ ನಮ್ಮಿಬ್ಬರನ್ನು ನೋಡಿರುತ್ತೀರಿ. ಅಲ್ಲಿಯ ಬಾತುಕೋಳಿಗಳಿಗಿಂತ ಜಾಸ್ತಿ ಗಲಾಟೆ ಮಾಡುವ ಇಬ್ಬರು ಗಂಡಸರು! ಒಬ್ಬ ನಾನು, ಬಸವನಗುಡಿಯವನು. ಇನ್ನೊಬ್ಬರು ಕರಾಚಿಯವರು. ಹದಿನಾರು ವರ್ಷ ಒಂದೇ ಆಫೀಸಿನಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡಿದವರು ನಾವು. ಅವರ ಹೆಸರು ಬೇಡ. ನಮ್ಮ ಮನೆಯಲ್ಲಿ ಎಲ್ಲರೂ ಕರೆಯುವ ಹಾಗೆ ಇಲ್ಲಿಯೂ ಸಾಹೇಬರು ಎಂದೇ ಇರಲಿ. ಕ್ರಿಕೆಟ್ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಬಹುದು, ರಾಜಕೀಯ ಮಾತ್ರ ಎತ್ತಬಾರದು ಎಂದು ನಮ್ಮಿಬ್ಬರಲ್ಲಿ ಎಂದೋ ಒಪ್ಪಂದವಾಗಿದೆ. ಇಬ್ಬರೂ ಅದನ್ನು ಆಗಾಗ ಮುರಿಯುತ್ತೇವೆ.

2026ರ ಜನವರಿಯಲ್ಲಿ ಒಂದು ಭಾನುವಾರ ಸಾಹೇಬರು ಫೋನನ್ನು ನನ್ನ ಮುಂದೆ ಹಿಡಿದು, "ನೋಡಿ ಭಾಯ್, ನಿಮ್ಮ ಎ.ಐ. ಪಂಡಿತರ ಪ್ರತಾಪ!" ಎಂದರು. ಸುದ್ದಿ ಇಂಗ್ಲೆಂಡಿನದು. ಕಳೆದ ನವೆಂಬರ್ 6ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ಆಸ್ಟನ್ ವಿಲ್ಲಾ ತಂಡಕ್ಕೂ ಇಸ್ರೇಲಿನ ಮಕ್ಕಾಬಿ ಟೆಲ್ ಅವೀವ್ ತಂಡಕ್ಕೂ ಫುಟ್‌ಬಾಲ್ ಪಂದ್ಯ ಇತ್ತು. ಮಕ್ಕಾಬಿ ಅಭಿಮಾನಿಗಳು ಬರಕೂಡದು ಎಂದು ಅಲ್ಲಿಯ ಸುರಕ್ಷತಾ ಸಲಹಾ ಸಮಿತಿ ಅಕ್ಟೋಬರ್‌ನಲ್ಲೇ ತೀರ್ಮಾನಿಸಿತ್ತು. ಅದಕ್ಕೆ ಆಧಾರ ಪೊಲೀಸರು ಕೊಟ್ಟ ವರದಿ. 2024ರ ನವೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇದೇ ತಂಡದ ಪಂದ್ಯದ ವೇಳೆ ದೊಡ್ಡ ಗಲಭೆಯಾಗಿತ್ತು. ಬಂದವರಲ್ಲಿ ಕೆಲವರು ಪ್ಯಾಲೆಸ್ಟೀನ್ ಬಾವುಟ ಕಿತ್ತು, ಅರಬರ ವಿರುದ್ಧ ಘೋಷಣೆ ಕೂಗಿದ್ದರು. ಆಮೇಲೆ ಊರಿನ ಹುಡುಗರ ಗುಂಪುಗಳು ಇಸ್ರೇಲಿಗಳನ್ನು ಬೀದಿ ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗಿ ಹೊಡೆದಿದ್ದವು. ಎರಡೂ ನಿಜ. ಹಾಗಾಗಿ ಪೊಲೀಸರ ಭಯ ಪೂರ್ತಿ ಆಧಾರವಿಲ್ಲದ್ದು ಎಂದು ಹೇಳಲಾಗುವುದಿಲ್ಲ.

ಆದರೆ ವರದಿಯಲ್ಲಿ ಇನ್ನೂ ಒಂದು ಪಂದ್ಯದ ಉಲ್ಲೇಖ ಇತ್ತು: ವೆಸ್ಟ್ ಹ್ಯಾಮ್ ಮತ್ತು ಮಕ್ಕಾಬಿ ನಡುವಣದು. ತಮಾಷೆ ಏನೆಂದರೆ ಅಂಥ ಪಂದ್ಯ ನಡೆದೇ ಇಲ್ಲ! ಮೈಕ್ರೋಸಾಫ್ಟ್ ಕೋಪೈಲಟ್ ತಾನೇ ಹುಟ್ಟಿಸಿ ಕೊಟ್ಟ ಪಂದ್ಯ ಅದು. ಎ.ಐ. ಬಳಸಿಲ್ಲ ಎಂದು ಮೊದಲು ಸಂಸತ್ತಿನ ಸಮಿತಿಯ ಮುಂದೆ ಹೇಳಿದ್ದ ಪೊಲೀಸ್ ಮುಖ್ಯಸ್ಥರು ಆಮೇಲೆ ತಪ್ಪು ಒಪ್ಪಿಕೊಂಡು, ಗೃಹ ಸಚಿವೆಯೇ ವಿಶ್ವಾಸವಿಲ್ಲ ಎಂದ ಬಳಿಕ ನಿವೃತ್ತಿ ತೆಗೆದುಕೊಂಡರು. ತನಿಖೆ ಮಾಡಿದ ಹಿರಿಯ ಅಧಿಕಾರಿಗಳ ಅಭಿಪ್ರಾಯದ ಸಾರ ಇಷ್ಟು: ತಮ್ಮ ನಿಲುವಿಗೆ ಹೊಂದುವ ಮಾಹಿತಿಯನ್ನಷ್ಟೇ ಪೊಲೀಸರು ಹುಡುಕಿದರು.

ನಾನು ಬಿದ್ದು ಬಿದ್ದು ನಕ್ಕೆ. ಸಾಹೇಬರು ನಗಲಿಲ್ಲ. ಸ್ವಲ್ಪ ದೂರ ಸುಮ್ಮನೆ ನಡೆದು, "ನನ್ನ ಟಿಕೆಟ್ ನೆನಪಿದೆಯಾ?" ಎಂದರು.

ನೆನಪಿಲ್ಲದೆ ಏನು! ಆ ಕಥೆ ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮಿಬ್ಬರಿಗೂ ಚಿನ್ನಸ್ವಾಮಿ ಕ್ರೀಡಾಂಗಣದ ಹುಚ್ಚು ಹಿಡಿದದ್ದು ಒಂದೇ ದಿನ, 1996ರ ಮಾರ್ಚ್ 9. ವಿಶ್ವಕಪ್ ಕ್ವಾರ್ಟರ್ ಫೈನಲ್. ನಾನು ಗ್ಯಾಲರಿಯಲ್ಲಿದ್ದೆ, ಅವರು ಕರಾಚಿಯಲ್ಲಿ ಟಿವಿ ಮುಂದೆ. ಸಿಧು 93 ಹೊಡೆದದ್ದು, ಕೊನೆಯಲ್ಲಿ ಅಜಯ್ ಜಡೇಜ ವಕಾರ್ ಯೂನಿಸ್‌ರನ್ನು ಚಚ್ಚಿದ್ದು, ಆಮೇಲೆ ಆಮಿರ್ ಸೊಹೇಲ್ ಬೌಂಡರಿ ಬಾರಿಸಿ ನಮ್ಮ ವೆಂಕಟೇಶ್ ಪ್ರಸಾದ್‌ಗೆ ಬ್ಯಾಟ್ ತೋರಿಸಿದ್ದು, ಮರು ಎಸೆತದಲ್ಲೇ ಸ್ಟಂಪ್ ಹಾರಿದ್ದು... ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಭಾರತಕ್ಕೆ 39 ರನ್ ಜಯ. ಆ ಸ್ಟಂಪಿನ ಬಗ್ಗೆ ವಸೋನಾ ಪಾರ್ಕಿನಲ್ಲಿ ನೂರಾರು ಸಲ ವಾದ ನಡೆದಿದೆ. "ಒಂದು ಸಲ ಆ ಸ್ಟೇಡಿಯಂನಲ್ಲಿ ಕೂತು ನೋಡಬೇಕು ಭಾಯ್" ಎನ್ನುವುದು ಸಾಹೇಬರ ಹಳೆಯ ಆಸೆ.

2023ರ ವಿಶ್ವಕಪ್ ವೇಳಾಪಟ್ಟಿ ಬಂದಾಗ ಪಾಕಿಸ್ತಾನಕ್ಕೆ ಬೆಂಗಳೂರಿನಲ್ಲೇ ಎರಡು ಪಂದ್ಯ! ಅಕ್ಟೋಬರ್ 20ರ ಆಸ್ಟ್ರೇಲಿಯಾ ಪಂದ್ಯಕ್ಕೆ ಇಬ್ಬರಿಗೂ ಟಿಕೆಟ್ ತೆಗೆಸಿದೆ. ಅವತ್ತು ಶುಕ್ರವಾರ, ವಿದ್ಯಾರ್ಥಿ ಭವನಕ್ಕೆ ರಜೆ. ಆದ್ದರಿಂದ ಗುರುವಾರವೇ ದೋಸೆ ತಿನ್ನುವುದು ಎಂದು ಅದನ್ನೂ ನಿಗದಿ ಮಾಡಿಕೊಂಡೆವು. ಸಾಹೇಬರದು ಅಮೆರಿಕದ ಪಾಸ್‌ಪೋರ್ಟ್. ಆದರೆ ಪಾಕಿಸ್ತಾನ ಮೂಲದವರಿಗೆ ಭಾರತದ ವೀಸಾ ನಮ್ಮ ನೆರೆಯ ಜಾನ್‌ಗೋ ಮೇರಿಗೋ ಸಿಗುವ ಹಾಗೆ ಕೂತಲ್ಲೇ ಸಿಗುವುದಿಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಪರಿಶೀಲನೆ, ತಿಂಗಳುಗಟ್ಟಲೆ ಕಾಯುವಿಕೆ. ಅಪ್ಪ ಹುಟ್ಟಿದ ಊರು, ತಾತ ಹುಟ್ಟಿದ ಊರು ಎಲ್ಲ ಬರೆದುಕೊಟ್ಟರು. ತಾತ ಹುಟ್ಟಿದ್ದು ಲಖನೌದಲ್ಲಿ ಎನ್ನುವುದು ಬೇರೆ ಮಾತು.

ಇತ್ತ ನಾನು ಬೆಂಗಳೂರಿಗೆ ಫೋನ್ ಮಾಡಿ ಸಾಹೇಬರು ನಮ್ಮ ಮನೆಯಲ್ಲೇ ಇಳಿದುಕೊಳ್ಳುತ್ತಾರೆ ಎಂದೆ. ಅಮ್ಮನಿಗೆ ಇದ್ದ ಚಿಂತೆ ಒಂದೇ: "ಈರುಳ್ಳಿ ಹಾಕದ ಸಾರು ಅವರಿಗೆ ಸೇರುತ್ತೇನೋ?" ತಮ್ಮ ಮಾತ್ರ ಮಾರನೇ ದಿನ ತಾನಾಗಿ ಫೋನ್ ಮಾಡಿದ. "ಅಣ್ಣಾ, ಬೇಜಾರು ಮಾಡ್ಕೋಬೇಡ. ಊಟಕ್ಕೆ ಬರ್ಲಿ, ದಿನಾ ಬರ್ಲಿ. ರಾತ್ರಿ ಇಳಿಸ್ಕೊಳ್ಳೋದು ಬೇಡ. ಹೊರದೇಶದವ್ರು ಇಳಿದ್ರೆ ಪೊಲೀಸಿಗೆ ಫಾರಂ ಕೊಡ್ಬೇಕು. ಇವ್ರು ಹುಟ್ಟಿದ್ದು ಎಲ್ಲಿ ಅಂತ ನೋಡಿದ್ರೆ ಮನೆಗೇ ಬರ್ತಾರೆ. ನೀನು ಹದಿನೈದು ದಿನಕ್ಕೆ ವಾಪಸ್ ಹೋಗ್ತೀಯ, ಆಮೇಲೆ ಬೀದಿಯವ್ರಿಗೆಲ್ಲ ಉತ್ತರ ಹೇಳೋನು ನಾನು."

ತಮ್ಮ ಕೆಟ್ಟವನಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ನಾನು ಹೋಟೆಲುಗಳ ದರ ನೋಡತೊಡಗಿದೆ. ಸಾಹೇಬರಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು ಎಂದು ಒಂದು ವಾರ ನಿದ್ದೆ ಸರಿಯಾಗಿ ಬರಲಿಲ್ಲ.

ಅಷ್ಟರಲ್ಲಿ ಸಮಸ್ಯೆ ತಾನಾಗಿ ಬಗೆಹರಿಯಿತು. ವೀಸಾ ಬರಲಿಲ್ಲ. ಕೊಡುವುದಿಲ್ಲ ಎಂದೂ ಯಾರೂ ಹೇಳಲಿಲ್ಲ, ಸುಮ್ಮನೆ ದಿನ ಕಳೆದುಹೋಯಿತು. ಸಾಹೇಬರು ಫೋನ್ ಮಾಡಿ ತಿಳಿಸಿದಾಗ "ಛೇ ಛೇ, ಎಂಥ ಅನ್ಯಾಯ" ಎಂದೆ. ಫೋನ್ ಇಟ್ಟ ಮೇಲೆ ಎದೆ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ನಿಜ ಹೇಳುತ್ತೇನೆ, ನನಗೆ ಸಂತೋಷವೇ ಆಯಿತು. ಇದನ್ನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.

ಅಕ್ಟೋಬರ್ 20ರಂದು ಸಾಹೇಬರ ಸೀಟಿನಲ್ಲಿ ತಮ್ಮನ ಮಗ ಕೂತ. ವಾರ್ನರ್ 163, ಮಾರ್ಷ್ 121, ಮೊದಲ ವಿಕೆಟ್ಟಿಗೇ 259 ರನ್. ವಾರ್ನರ್ ಹತ್ತು ರನ್ ಮಾಡಿದ್ದಾಗ ಉಸಾಮ ಮಿರ್ ಸುಲಭದ ಕ್ಯಾಚ್ ಬಿಟ್ಟ. ಸಾಹೇಬರು ಪಕ್ಕದಲ್ಲಿದ್ದಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು, ನಾನು ರೇಗಿಸುತ್ತಿದ್ದೆ. ಈಗ ರೇಗಿಸುವುದಕ್ಕೆ ಯಾರಿದ್ದಾರೆ? ಶಾಹೀನ್ ಅಫ್ರಿದಿ ಐದು ವಿಕೆಟ್ ಕಿತ್ತ. ಎದೆ ಬಿರಿಯುವಂತೆ ಕೂಗುವ ಗುಂಪು ನನ್ನ ಕಣ್ಣಳತೆಯಲ್ಲಿ ಎಲ್ಲೂ ಇರಲಿಲ್ಲ. ಎದುರು ಪಕ್ಷವೇ ಬಾರದ ಮದುವೆ ಮನೆಯಂತೆ ಇತ್ತು. ಆಸ್ಟ್ರೇಲಿಯಾ 62 ರನ್ನಿನಿಂದ ಗೆದ್ದಿತು. ಆಮೇಲೆ ಒಂದು ವಿಡಿಯೊ ಊರೆಲ್ಲ ಹರಿದಾಡಿತು. ಹಸಿರು ಅಂಗಿ ತೊಟ್ಟ ಒಬ್ಬರಿಗೆ ಪೊಲೀಸಿನವರು "ಪಾಕಿಸ್ತಾನ್ ಜಿಂದಾಬಾದ್" ಕೂಗಬೇಡಿ ಎನ್ನುತ್ತಿದ್ದಾರೆ. ಅವರು, ಆಡುತ್ತಿರುವುದು ಪಾಕಿಸ್ತಾನ, ಇನ್ನೇನು ಕೂಗಲಿ ಎನ್ನುತ್ತಿದ್ದಾರೆ. ಪಾಕಿಸ್ತಾನದ ಕ್ರಿಕೆಟ್ ಮಂಡಳಿ ಆ ತಿಂಗಳೇ ಅಭಿಮಾನಿಗಳಿಗೂ ಪತ್ರಕರ್ತರಿಗೂ ವೀಸಾ ಸಿಗುತ್ತಿಲ್ಲ ಎಂದು ಐ.ಸಿ.ಸಿ.ಗೆ ದೂರು ಕೊಟ್ಟಿತ್ತು.

ಎರಡನೇ ಪಂದ್ಯ ನವೆಂಬರ್ 4ರಂದು, ನ್ಯೂಜಿಲೆಂಡ್ ಜೊತೆ. ಅಷ್ಟು ಹೊತ್ತಿಗೆ ನಾನು ವಾಪಸ್ ಬಂದಿದ್ದೆ. ನಮಗದು ಶುಕ್ರವಾರ ರಾತ್ರಿ ಹತ್ತು ಗಂಟೆ. ಸಾಹೇಬರು ನಮ್ಮ ಮನೆಗೇ ಬಂದರು. ಉಪ್ಪಿಟ್ಟು, ಫ್ಲಾಸ್ಕಿನಲ್ಲಿ ಚಹಾ. ರಚಿನ್ ರವೀಂದ್ರ 108 ಹೊಡೆದ. ಹುಟ್ಟಿದ್ದು ವೆಲ್ಲಿಂಗ್ಟನ್, ತಂದೆ ತಾಯಿ ಬೆಂಗಳೂರಿನವರು. ಚಿನ್ನಸ್ವಾಮಿಯಲ್ಲಿ "ರಚಿನ್, ರಚಿನ್" ಎಂಬ ಕೂಗು ಮುಗಿಲು ಮುಟ್ಟಿತು. ನನ್ನ ಹೆಂಡತಿ "ನಮ್ಮ ಹುಡುಗ!" ಎಂದು ಚಪ್ಪಾಳೆ ತಟ್ಟಿದಳು. ಪರದೇಶದ ಅಂಗಿ ತೊಟ್ಟು ಬಂದು ಆಡುವವನನ್ನು ನಮ್ಮ ಊರು ಎಷ್ಟು ಪ್ರೀತಿಯಿಂದ ಎತ್ತಿಕೊಳ್ಳಬಲ್ಲದು, ನೋಡಿ! ನ್ಯೂಜಿಲೆಂಡ್ 401. ಉತ್ತರವಾಗಿ ಫಖರ್ ಜಮಾನ್ 81 ಎಸೆತಕ್ಕೆ ಔಟಾಗದೆ 126. ಮಳೆ ಬಂದು ಪಾಕಿಸ್ತಾನ 21 ರನ್ನಿನಿಂದ ಗೆದ್ದಿತು. ಸಾಹೇಬರು ರಾತ್ರಿ ಹೊತ್ತು ನಮ್ಮ ಸೋಫಾ ಮೇಲೆ ಹಾರಿದ್ದೇ ಹಾರಿದ್ದು. "ಈ ಇನ್ನಿಂಗ್ಸಿಗೆ ಅಲ್ಲಿ ಇರಬೇಕಿತ್ತು ಭಾಯ್" ಎಂದು ಒಂದೇ ಸಲ ಹೇಳಿದರು.

ಹಾಗೆಂದು ಯಾವಾಗಲೂ ಹೀಗೇ ಇರಲಿಲ್ಲ. 1999ರ ಜನವರಿಯಲ್ಲಿ ದೆಹಲಿಯ ಪಿಚ್ ಅಗೆದು ಹಾಕಿದ ಕೆಲವೇ ವಾರದೊಳಗೆ ಚೆನ್ನೈನಲ್ಲಿ 12 ರನ್ನಿನಿಂದ ಗೆದ್ದ ಪಾಕಿಸ್ತಾನ ತಂಡಕ್ಕೆ ಇಡೀ ಚೆಪಾಕ್ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. 2004ರಲ್ಲಿ ನಮ್ಮವರು ಸಾವಿರಾರು ಜನ ಲಾಹೋರಿಗೆ ಹೋದರು, 2005ರಲ್ಲಿ ಅವರು ಮೊಹಾಲಿಗೆ ಬಂದರು. 2008ರ ಮುಂಬೈ ದಾಳಿಯ ನಂತರ ಬಹುತೇಕ ಎಲ್ಲ ನಿಂತಿತು. ನಿಂತದ್ದಕ್ಕೆ ಕಾರಣ ಇರಲಿಲ್ಲ ಎಂದು ನಾನು ಹೇಳಲಾರೆ, ಸಾಹೇಬರೂ ಹೇಳುವುದಿಲ್ಲ. ಪಹಲ್ಗಾಮ್ ಆದ ವಾರ ಅವರು ವಾಕಿಂಗಿಗೆ ಬಂದರೂ ಮಾತಾಡಲಿಲ್ಲ.

ಆದರೆ ಇದು ಗಡಿಯಾಚೆಯವರ ಕಥೆ ಮಾತ್ರ ಎಂದುಕೊಳ್ಳಬೇಡಿ. 2018ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಕಾವೇರಿ ತೀರ್ಪು ಬಂದಿತ್ತು, ನಿರ್ವಹಣಾ ಮಂಡಳಿಗಾಗಿ ತಮಿಳುನಾಡು ಕುದಿಯುತ್ತಿತ್ತು. ಏಪ್ರಿಲ್ 10ರ ಐ.ಪಿ.ಎಲ್. ಪಂದ್ಯದಲ್ಲಿ ಚೆಪಾಕ್ ಮೈದಾನಕ್ಕೆ ಚಪ್ಪಲಿಗಳು ಬಿದ್ದವು. ಮರುದಿನವೇ ಚೆನ್ನೈ ತಂಡದ ಉಳಿದ ತವರು ಪಂದ್ಯಗಳೆಲ್ಲ ಪುಣೆಗೆ ಎತ್ತಂಗಡಿ. ಅಭಿಮಾನಿಗಳು ವಿಶೇಷ ರೈಲು ಹತ್ತಿ ಪುಣೆಗೆ ಹೋದರು. ಅದೇ ತಿಂಗಳ 25ಕ್ಕೆ ಅದೇ ಚೆನ್ನೈ ತಂಡ ನಮ್ಮ ಚಿನ್ನಸ್ವಾಮಿಗೆ ಬಂತು. 2016ರಲ್ಲಿ ತಮಿಳುನಾಡಿನ ಬಸ್ಸುಗಳು ಸುಟ್ಟುಹೋದ ಊರು ಇದು! ತಮಿಳರು ಬರಬೇಡಿ ಎನ್ನುವುದಕ್ಕೆ ನೆಪಕ್ಕೇನೂ ಬರ ಇರಲಿಲ್ಲ. ಯಾರೂ ಹಾಗೆ ಹೇಳಲಿಲ್ಲ. ತಮ್ಮ ಅವತ್ತು ಗ್ಯಾಲರಿಯಲ್ಲಿದ್ದ. ಅವನು ಹೇಳಿದ್ದು: "ಅರ್ಧ ಸ್ಟೇಡಿಯಂ ಹಳದಿ, ಅಣ್ಣಾ. ಧೋನಿ ಸಿಕ್ಸ್ ಹೊಡೆದು ಮುಗಿಸಿದಾಗ ನನ್ನ ಪಕ್ಕದ ಕೆಂಪು ಅಂಗಿಯವನೂ ಶಿಳ್ಳೆ ಹಾಕ್ದ." ಐದು ವರ್ಷದ ನಂತರ ಸಾಹೇಬರನ್ನು ಇಳಿಸಿಕೊಳ್ಳಬೇಡ ಎಂದವನೂ ಇದೇ ತಮ್ಮ. ಮನುಷ್ಯ ಅಂದರೆ ಹೀಗೇನೋ.

ಸುರಕ್ಷತೆ ಎಂಬ ಪದ ಕೇಳಿದಾಗ ನನಗೆ ಈಗ ಇನ್ನೊಂದು ದಿನವೂ ನೆನಪಾಗುತ್ತದೆ. 2025ರ ಜೂನ್ 4. ಹದಿನೆಂಟು ವರ್ಷ ಕಾದು ಆರ್.ಸಿ.ಬಿ. ಕಪ್ ಗೆದ್ದ ಮಾರನೇ ದಿನ ಅದೇ ಚಿನ್ನಸ್ವಾಮಿಯ ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಅಲ್ಲಿ ಎದುರಾಳಿ ಅಭಿಮಾನಿ ಒಬ್ಬನೂ ಇರಲಿಲ್ಲ. ಅಂಗಿ ಎಲ್ಲರದೂ ಒಂದೇ ಬಣ್ಣ. ಗೇಟು ಯಾವಾಗ ತೆರೆಯಬೇಕು, ಎಷ್ಟು ಜನ ಹಿಡಿಸುತ್ತಾರೆ, ಯಾರಿಗೆ ಪಾಸು ಎಂಬ ಬೇಸರದ ಲೆಕ್ಕಗಳಲ್ಲಿ ಜೀವ ಉಳಿಯುವುದೂ ಹೋಗುವುದೂ ಇದೆ. ಯಾರನ್ನೋ ಬರಬೇಡ ಎನ್ನುವುದು ಈ ಲೆಕ್ಕಕ್ಕಿಂತ ಬಹಳ ಸುಲಭ. 2023ರ ಮಾರ್ಚ್‌ನಲ್ಲಿ ನೇಪಲ್ಸ್ ಊರು ಫ್ರಾಂಕ್‌ಫರ್ಟ್‌ನವರಿಗೆ ಟಿಕೆಟ್ ಇಲ್ಲ ಎಂದಿತು. ಅವರು ಟಿಕೆಟ್ಟಿಲ್ಲದೆಯೇ ಬಂದರು, ಹೊಡೆದಾಟ ಸ್ಟೇಡಿಯಂ ಬಿಟ್ಟು ಬೀದಿಯಲ್ಲಿ ಆಯಿತು. ಬರ್ಮಿಂಗ್‌ಹ್ಯಾಮ್‌ನಲ್ಲೂ ಮಕ್ಕಾಬಿಯವರಿಲ್ಲದ ಪಂದ್ಯಕ್ಕೆ 700ಕ್ಕೂ ಹೆಚ್ಚು ಪೊಲೀಸರು ಬೇಕಾದರು. ಪಂದ್ಯವನ್ನು ವಿಲ್ಲಾ 2-0ಯಿಂದ ಗೆದ್ದಿತು.

ಅದೇ ಜೂನ್ 4ರಂದು ಇಲ್ಲಿ ವಾಷಿಂಗ್ಟನ್‌ನಲ್ಲಿ ಹನ್ನೆರಡು ದೇಶಗಳವರಿಗೆ ಪ್ರವೇಶ ನಿಷೇಧಿಸುವ ಘೋಷಣೆಗೆ ಸಹಿ ಬಿತ್ತು. ಕಾರಣ ಭದ್ರತೆ. ವಿಶ್ವಕಪ್ ಫುಟ್‌ಬಾಲ್ ಆಡಲು ಬರುವ ತಂಡಗಳಿಗೆ, ಕೋಚ್‌ಗಳಿಗೆ ಅದರಲ್ಲಿ ವಿನಾಯಿತಿ ಇತ್ತು, ಅಭಿಮಾನಿಗಳಿಗೆ ಇರಲಿಲ್ಲ. ಪಟ್ಟಿಯಲ್ಲಿದ್ದ ಇರಾನ್, ಹೈಟಿ ಎರಡೂ 2026ರ ಟೂರ್ನಿಗೆ ಅರ್ಹತೆ ಪಡೆದಿದ್ದವು. ನಮ್ಮ ಮನೆಯಿಂದ ಅರ್ಧ ಗಂಟೆಯ ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂಗೂ ಆ ಟೂರ್ನಿಯ ಆರು ಪಂದ್ಯಗಳನ್ನು ಹಂಚಿದ್ದರು. ನಮ್ಮ ಬೀದಿಯ ಕೊನೆ ಮನೆಯ ಇರಾನಿ ಅಜ್ಜಿ ತಮ್ಮ ಮೊಮ್ಮಗ ಟೆಹರಾನಿನಿಂದ ಬರಲಾಗದು ಎಂದು ಹೇಳಿಕೊಂಡಾಗ ನಾನು "ಛೇ ಛೇ" ಎಂದೆ. ಆ "ಛೇ ಛೇ" ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ಒಂಥರಾ ಆಯಿತು.

ಸಾಹೇಬರ ಟಿಕೆಟ್ ನಮ್ಮ ಫ್ರಿಜ್ ಬಾಗಿಲ ಮೇಲೆ ಮ್ಯಾಗ್ನೆಟ್ ಹಾಕಿ ಇಟ್ಟಿದ್ದೇವೆ. ದೋಸೆಯ ಬಾಕಿ ಹಾಗೇ ಇದೆ. ಮೊನ್ನೆ ಸನ್ನಿವೇಲ್‌ನಲ್ಲಿ ಮಸಾಲೆ ದೋಸೆ ಕೊಡಿಸಿ ಲೆಕ್ಕ ಚುಕ್ತಾ ಮಾಡೋಣ ಎಂದೆ, ಒಪ್ಪಲಿಲ್ಲ. "ಅದು ನಡೆಯಲ್ಲ ಭಾಯ್, ಮಾತು ಗಾಂಧಿ ಬಜಾರಿನ ದೋಸೆಗೆ ಆಗಿದ್ದು."

ನಮ್ಮ ಕೂಟದ ಪತ್ರಿಕೆಗೆ ಅವರ ಬಗ್ಗೆ ಬರೆಯುತ್ತಿದ್ದೇನೆ ಎಂದು ಸಾಹೇಬರಿಗೆ ಗೊತ್ತು. ಕನ್ನಡ ಓದಲು ಬರುವುದಿಲ್ಲ. ಮುಂದಿನ ಭಾನುವಾರ ಪಾರ್ಕಿನ ಬೆಂಚಿನ ಮೇಲೆ ಕೂತು ಸಾಲು ಸಾಲಾಗಿ ಅರ್ಥ ಹೇಳಬೇಕು ಎಂದು ಮಾತು ತೆಗೆದುಕೊಂಡಿದ್ದಾರೆ. ವೀಸಾ ಬರಲಿಲ್ಲ ಎಂಬ ಆ ಪ್ಯಾರಾದ ತನಕ ನಿರಾಳವಾಗಿ ಹೇಳಬಲ್ಲೆ.