ಅಂಕ ಬಂತು, ಉತ್ತರಪತ್ರಿಕೆ ಬರಲಿಲ್ಲ

ಸೈನ್ಸ್ ಓದುವ ಮಕ್ಕಳಿಗಾಗಿ ಪಿಯು ಪಾಠದ ಜೊತೆಗೇ ನೀಟ್, ಜೆಇಇ, ಸಿಇಟಿ ತರಬೇತಿಯನ್ನೂ ಕೊಡುವ ‘ಇಂಟಿಗ್ರೇಟೆಡ್’ ಕಾಲೇಜುಗಳು ಈಗ ರಾಜ್ಯದ ಬಹುತೇಕ ಜಿಲ್ಲಾ ಕೇಂದ್ರಗಳಲ್ಲಿವೆ. ಕಲಬುರಗಿ, ವಿಜಯಪುರ, ರಾಯಚೂರು ಕಡೆಯಿಂದ ಮಂಗಳೂರು, ಮೂಡುಬಿದಿರೆಯ ಹಾಸ್ಟೆಲ್‌ಗಳಿಗೆ ಮಕ್ಕಳನ್ನು ಕಳಿಸಿದ ಮನೆಗಳು ಎಷ್ಟೋ. ಹೊಲ ಅಡವಿಟ್ಟು ಫೀಸು ಕಟ್ಟಿದವರೂ ಅವರಲ್ಲಿದ್ದಾರೆ. ವಾರದ ಟೆಸ್ಟ್ ಮುಗಿದ ಮೇಲೆ ಆ ಮನೆಗಳಿಗೆ ಒಂದು ಮೆಸೇಜ್ ಬರುತ್ತದೆ: ಫಿಸಿಕ್ಸ್ ಇಷ್ಟು, ಕೆಮಿಸ್ಟ್ರಿ ಇಷ್ಟು, ಬ್ಯಾಚಿನಲ್ಲಿ ರ‍್ಯಾಂಕ್ ಇಷ್ಟು. ಎರಡು ವರ್ಷ ಮಗುವಿನ ಓದಿನ ಬಗ್ಗೆ ಮನೆಗೆ ಸಿಗುವ ಸುದ್ದಿ ಹೆಚ್ಚುಕಮ್ಮಿ ಇಷ್ಟೇ.

ಇಂಥದ್ದೊಂದು ಕಾಲೇಜಿನ ಪೋಷಕರ ಸಭೆಯಲ್ಲಿ ವಿಜಯಪುರ ಕಡೆಯ ತಂದೆಯೊಬ್ಬರು ಎದ್ದು ನಿಂತು ಕೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ‘ಮಾರ್ಕ್ಸ್ ಎಷ್ಟು ಬಂದಾವ ಅನ್ನೂದು ಮೊಬೈಲ್‌ನ್ಯಾಗ ಬಂದೈತ್ರಿ ಸರ್. ನಮ್ಮ ಹುಡುಗಗ ಏನು ಬರೂದಿಲ್ಲ, ಅದನ್ನ ಹೇಳ್ರಿ.’ ವೇದಿಕೆಯ ಮೇಲಿದ್ದವರು ಹಿಂದಿನ ವರ್ಷದ ರ‍್ಯಾಂಕುಗಳ ಬಗ್ಗೆ ಮಾತಾಡಿದರು. ಆ ತಂದೆಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಆ ಪ್ರಶ್ನೆಯ ಹಿಂದೆ ದೊಡ್ಡ ಗೋಜಲೇ ಇದೆ. ದ್ವಿತೀಯ ಪಿಯು ವಾರ್ಷಿಕ ಪರೀಕ್ಷೆಯಲ್ಲಿ ಹುಡುಗ ಐದು ಅಂಕದ ಡೆರಿವೇಷನ್ ಅನ್ನು ಚಿತ್ರ ಬಿಡಿಸಿ, ಹಂತ ಹಂತವಾಗಿ ಬರೆಯಬೇಕು. ಅದೇ ಹುಡುಗ ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆಗಳಿಗೆ ಓಎಂಆರ್ ಹಾಳೆಯ ಮೇಲೆ ಗುಂಡಿ ತುಂಬಬೇಕು. ಅಲ್ಲಿ ತಪ್ಪಿಗೆ ದಂಡವಿಲ್ಲ. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ. ಒಂದೇ ಪಾಠವನ್ನು ಇಷ್ಟು ಬೇರೆ ಬೇರೆ ರೀತಿಯಲ್ಲಿ ಕಲಿಸಲು ಸಮಯ ಬೇಕು. ಸಮಯ ಸಾಲದೆ, ಪ್ರಥಮ ಪಿಯುನಲ್ಲೇ ದ್ವಿತೀಯ ಪಿಯು ಅಧ್ಯಾಯಗಳನ್ನು ಶುರು ಮಾಡುವ ಕಾಲೇಜುಗಳಿವೆ. ‘ಪೋರ್ಷನ್ ಮುಗೀತು’ ಎನ್ನುವುದೇ ಸಾಧನೆಯಾಗುತ್ತದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ‘ಪ್ರೊಜೆಕ್ಟೈಲ್ ಮೋಷನ್’ ಎಂಬ ಮಾತಿಗೆ ಒಗ್ಗಿಕೊಳ್ಳುವಷ್ಟರಲ್ಲಿ ತರಗತಿ ಮೂರು ಅಧ್ಯಾಯ ದಾಟಿರುತ್ತದೆ. ಟೆಸ್ಟಿನಲ್ಲಿ ಅಂಕ ಇಳಿದರೆ ಅವಳನ್ನು ಕೆಳಗಿನ ಬ್ಯಾಚಿಗೆ ಹಾಕುತ್ತಾರೆ. ಅವಳು ಎಡವಿದ್ದು ಲೆಕ್ಕದಲ್ಲೋ ಭಾಷೆಯಲ್ಲೋ ಎಂದು ಆ ಅಂಕ ತಿಳಿಸುವುದಿಲ್ಲ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಪ್ರಯೋಗಾಲಯದ ವಿಷಯ ಇನ್ನೂ ಬೇಸರದ್ದು. ಭೌತ, ರಸಾಯನ, ಜೀವವಿಜ್ಞಾನಗಳಲ್ಲಿ 70 ಅಂಕ ಲಿಖಿತ ಪರೀಕ್ಷೆಗೆ, 30 ಪ್ರಾಕ್ಟಿಕಲ್‌ಗೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಟೈಟ್ರೇಷನ್ ಮಾಡಿದವರಿಗೆ ಗೊತ್ತು: ಬ್ಯುರೆಟ್ಟಿನ ಕೊಳಾಯಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಫ್ಲಾಸ್ಕ್ ಆಡಿಸುತ್ತಾ, ಹನಿ ಹನಿಯಾಗಿ ಬಿಡಬೇಕು. ಬಿದ್ದ ಹನಿಯ ಬಣ್ಣ ಕರಗುತ್ತಲೇ ಇರುತ್ತದೆ. ಒಂದು ಹನಿಗೆ ಮಾತ್ರ ತಿಳಿ ಗುಲಾಬಿ ಬಣ್ಣ ನಿಂತುಬಿಡುತ್ತದೆ. ಅವಸರದಲ್ಲಿ ಇನ್ನಷ್ಟು ಬಿಟ್ಟರೆ ಬಣ್ಣ ಗಾಢವಾಗುತ್ತದೆ, ಮೊದಲಿನಿಂದ ಮಾಡಬೇಕು. ಈ ತಾಳ್ಮೆ ಪುಸ್ತಕದಿಂದ ಬರುವುದಲ್ಲ. ಆದರೆ ನಾನು ನೋಡಿದ ಒಂದು ರೆಕಾರ್ಡ್ ಪುಸ್ತಕದಲ್ಲಿ ಮೂರು ರೀಡಿಂಗೂ ಒಂದೇ, ಚುಕ್ಕೆಯ ವ್ಯತ್ಯಾಸವೂ ಇಲ್ಲ. ಪುಟದ ಕೆಳಗೆ ಸಹಿ, ಪೂರ್ತಿ ಅಂಕ. ಬ್ಯುರೆಟ್ ಮುಟ್ಟಿದ್ದು ಎಷ್ಟು ಸಲ ಎಂದು ಕೇಳಿದರೆ ಹುಡುಗ ತಲೆ ತಗ್ಗಿಸಿದ. ತಪ್ಪು ಅವನದಲ್ಲ.

ಪ್ರಾಕ್ಟಿಕಲ್ ಇಲ್ಲದ ವಿಷಯಗಳಲ್ಲಿ 2023-24ರಿಂದ 80 ಅಂಕ ಲಿಖಿತ, 20 ಆಂತರಿಕ. ಭಾಷೆ, ಗಣಿತ ಎಲ್ಲಕ್ಕೂ. ವರ್ಷವಿಡೀ ಮಾಡಿದ ಕೆಲಸಕ್ಕೆ ಬೆಲೆ ಸಿಗಬೇಕೆನ್ನುವುದು ಒಳ್ಳೆಯ ಉದ್ದೇಶ. ಆದರೆ ಒಂದು ಕಾಲೇಜಿನಲ್ಲಿ ಎಲ್ಲರಿಗೂ ಇಪ್ಪತ್ತಕ್ಕೆ ಇಪ್ಪತ್ತು, ಪಕ್ಕದ ಕಾಲೇಜಿನ ಕಟ್ಟುನಿಟ್ಟಿನ ಮೇಷ್ಟ್ರ ಕೈಯಲ್ಲಿ ಹದಿನಾಲ್ಕು ಎಂದಾದರೆ, ನಷ್ಟವಾಗುವುದು ಪ್ರಾಮಾಣಿಕವಾಗಿ ಓದಿದ ಮಗುವಿಗೆ.

ಅಂಕದ ಮೇಲಿನ ನಂಬಿಕೆ ಅಲುಗಾಡಿದರೆ ಏನಾಗುತ್ತದೆ ಎಂಬುದನ್ನು ನಾವು 2022ರಲ್ಲಿ ಕಂಡಿದ್ದೇವೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ತೂಕ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಪಿಯು ಪರೀಕ್ಷೆಯೇ ನಡೆಯದೆ ಹಿಂದಿನ ತರಗತಿಗಳ ಅಂಕ ಆಧರಿಸಿ ಫಲಿತಾಂಶ ಕೊಟ್ಟಿದ್ದರು. ಆ ಬ್ಯಾಚಿನ ಮಕ್ಕಳು ಮರುವರ್ಷ ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕವನ್ನು ಪರೀಕ್ಷಾ ಪ್ರಾಧಿಕಾರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸುಮಾರು 24 ಸಾವಿರ ಮಕ್ಕಳ ಭವಿಷ್ಯ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಅವರ ಅಂಕಗಳಲ್ಲಿ ಒಂದಿಷ್ಟು ಕಡಿತ ಮಾಡಿ ಪರಿಗಣಿಸುವ ಸೂತ್ರಕ್ಕೆ ಬಂದರು. ಆ ತಿಂಗಳುಗಳಲ್ಲಿ ಇತ್ತ ಕೌನ್ಸೆಲಿಂಗಿಗೆ ಕಾಯುತ್ತಾ, ಅತ್ತ ಕೋರ್ಟಿನ ಕಡೆ ನೋಡುತ್ತಾ ಕುಳಿತ ತಂದೆತಾಯಿಗಳ ಸಂಕಟ ಸಣ್ಣದಲ್ಲ.

ಉಪನ್ಯಾಸಕರನ್ನಷ್ಟೇ ದೂರುವುದು ಸುಲಭದ ದಾರಿ. ಎಂಬತ್ತು, ತೊಂಬತ್ತು ಮಕ್ಕಳ ಬ್ಯಾಚು, ವಾರವಾರ ಟೆಸ್ಟು, ಫಲಿತಾಂಶ ಇಳಿದರೆ ಕೆಲಸಕ್ಕೇ ಸಂಚಕಾರ. ಟೆಸ್ಟುಗಳ ಮೌಲ್ಯಮಾಪನಕ್ಕೆ ಅವರು ಓಎಂಆರ್ ಯಂತ್ರದ ಮೊರೆ ಹೋಗುವುದು ಅರ್ಥವಾಗುತ್ತದೆ. ಆದರೆ ಲಕ್ಷಗಟ್ಟಲೆ ಫೀಸು ಪಡೆಯುವ ಆಡಳಿತ ಮಂಡಳಿಗೆ ಇನ್ನಿಬ್ಬರು ಉಪನ್ಯಾಸಕರನ್ನು ನೇಮಿಸಲು ಆಗದೇ?

ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಶುಲ್ಕ ಕಟ್ಟಿದರೆ ಪರೀಕ್ಷಾ ಮಂಡಳಿಯೇ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ಕೊಡುತ್ತದೆ, ಮರುಮೌಲ್ಯಮಾಪನಕ್ಕೂ ಅವಕಾಶವಿದೆ. ಆದರೆ ಆಗ ಪತ್ರಿಕೆ ನೋಡಿ ತಿದ್ದಿಕೊಳ್ಳುವ ಕಾಲ ಬಹುಮಟ್ಟಿಗೆ ಮುಗಿದಿರುತ್ತದೆ. ಅದೇ ಹಕ್ಕು ಕಾಲೇಜಿನೊಳಗಿನ ಟೆಸ್ಟುಗಳಿಗೂ ಬೇಕು. ತಿಂಗಳಿಗೆ ಒಂದು ಬರವಣಿಗೆಯ ಟೆಸ್ಟಾದರೂ ಇರಲಿ, ಯಾವ ಹಂತದಲ್ಲಿ ತಪ್ಪಿದೆ ಎಂದು ಉಪನ್ಯಾಸಕರು ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದು ಆ ಪತ್ರಿಕೆಯನ್ನು ಮನೆಗೆ ಕಳಿಸಲಿ. ಆಂತರಿಕ ಅಂಕ ಯಾವುದಕ್ಕೆ ಎಷ್ಟು ಕೊಟ್ಟರು ಎಂಬುದನ್ನು ಸೂಚನಾ ಫಲಕದಲ್ಲಿ ಹಾಕಲಿ. ಫೀಸು ಕಟ್ಟುವ ಮುನ್ನವೇ, ಅಡ್ಮಿಷನ್ ಕೌಂಟರಿನ ಮುಂದೆಯೇ ಪೋಷಕರು ಇದನ್ನು ಕೇಳಬೇಕು. ಲ್ಯಾಬ್ ಎಲ್ಲಿದೆ, ವಾರಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ ಎಂಬುದನ್ನೂ.